ದಿಣ್ಣೆಯ ಹಿಂದಿನ ನಲವತ್ತು ಎಕರೆ

ಗಾಳಿ ಉತ್ತರದಿಂದ ಬೀಸುತ್ತಿದೆ ಎಂಬುದು ಲಯಲ್ ನೋಸ್ಕೆಗೆ ಕಣ್ಣು ಬಿಡುವ ಮೊದಲೇ ತಿಳಿಯಿತು. ಷೆಡ್ಡಿನ ಸಡಿಲ ತಗಡು ಉತ್ತರದ ಗಾಳಿಗೆ ಮಾತ್ರ ಬಡಿದುಕೊಳ್ಳುತ್ತದೆ. ಇಪ್ಪತ್ತಾರು ವರ್ಷ ಆ ಸದ್ದು ಅವನಿಗೆ ಜೋಗುಳವಾಗಿತ್ತು. ಬೀಸಲಿ ಬಿಡು ಎಂದುಕೊಂಡು ಮಗ್ಗುಲಾಗುತ್ತಿದ್ದ. ಗೋಧಿಯ ಕೂಳೆ ಮೊಣಕಾಲುದ್ದ ನಿಂತಿರುವ ಹೊಲದಿಂದ ಗಾಳಿ ಬಂದು ಕಿತ್ತುಕೊಂಡು ಹೋಗುವುದಾದರೂ ಏನನ್ನು? ಉಳದೆ, ಕೆದಕದೆ, ಕೂಳೆಯ ಸಾಲಿನ ನಡುವೆ ಸಣ್ಣ ಸೀಳು ಮಾಡಿ ಬೀಜ ಇಳಿಸಿ ಸುಮ್ಮನಾಗುವವನಿಗೆ ಗಾಳಿಯ ಭಯವಿಲ್ಲ. ಈ ಮಾತನ್ನು ಅವನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದ. ಐರ್ ಪರ್ಯಾಯದ್ವೀಪದ ಈ ತುದಿಯಿಂದ ಆ ತುದಿಯವರೆಗೆ ನೇಗಿಲು ಬಿಟ್ಟವರ ಸಂಘಕ್ಕೆ ಹನ್ನೊಂದು ವರ್ಷದಿಂದ ಅವನೇ ಅಧ್ಯಕ್ಷ. ದಾರಿಯ ಬಾಯಲ್ಲಿ, ಟಪಾಲು ಡಬ್ಬಿಯ ಪಕ್ಕ, ಬಿಳಿ ಹಲಗೆಯ ಮೇಲೆ ಅವನೇ ಬರೆದ ಅಕ್ಷರ: ನೋಸ್ಕೆ ಹೊಲ, ೧೯೯೭ರಿಂದ ನೇಗಿಲು ಮುಟ್ಟಿಲ್ಲ. ಹಲಗೆ ನೆಟ್ಟಾಗಿನಿಂದ ಮೊನ್ನೆ ಶುಕ್ರವಾರದವರೆಗೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾಳೆ ಬುಧವಾರ ಒಂದು ಬಸ್ಸು ತುಂಬ ರೈತರು ಇವನ ಹೊಲ ನೋಡಲು ಬರುತ್ತಿದ್ದಾರೆ. ಹಾಸಿಗೆಯಲ್ಲಿ ಬಿದ್ದುಕೊಂಡೇ ಅವನು ತಗಡಿನ ಬಡಿತ ಎಣಿಸಿದ. ಎಣಿಸಿದರೆ ಕಡಿಮೆಯಾಗುವ ವಸ್ತುವಲ್ಲ ಅದು, ಆದರೂ ಎಣಿಸಿದ.

ಅಡುಗೆಮನೆಯಲ್ಲಿ ಅವನ ಹೆಂಡತಿ ಕೊರಲ್ ನಾಳೆಯವರಿಗೆಂದು ಸ್ಪಂಜು ಕೇಕನ್ನು ಚೌಕ ಚೌಕ ಕೊಯ್ದು, ಚಾಕೊಲೇಟಿನಲ್ಲಿ ಅದ್ದಿ, ಕೊಬ್ಬರಿ ತುರಿಯಲ್ಲಿ ಹೊರಳಿಸುತ್ತಿದ್ದಳು. ಲಯಲ್ ಟೋಸ್ಟನ್ನು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಹೋದ, ಬಂದ, ಮತ್ತೆರಡು ಸಲ ಹೋದ. ಕಿಟಕಿಯಿಂದ ಮರಳುದಿಣ್ಣೆ ಕಾಣುತ್ತದೆ, ದಿಣ್ಣೆಯ ಹಿಂದಿನದು ಕಾಣುವುದಿಲ್ಲ. ಆ ಕಾರಣಕ್ಕೇ ಅವನು ಆ ತುಂಡನ್ನು ಆರಿಸಿದ್ದು.

"ಮೂರು ಸಲ ಆಯ್ತು," ಎಂದಳು ಕೊರಲ್. "ಗಾಳಿ ಏನು ನಿಂಗೆ ಹೊಸದಾ?"

"ಕುರಿ ನೋಡ್ತಾ ಇದ್ದೆ."

"ಕುರಿ ಆ ಕಡೆ ಇಲ್ಲ. ನೀನೇ ಭಾನುವಾರ ಓಡಿಸ್ಕೊಂಡು ಬಂದೆ."

"ಅದಕ್ಕೇ ನೋಡ್ತಾ ಇದ್ದೆ, ಇದಾವಾ ಇಲ್ವಾ ಅಂತ."

ಕೊರಲ್ ತಲೆ ಎತ್ತಲಿಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದವಳು ತಲೆ ಎತ್ತದಿದ್ದರೆ ನಂಬಿದಳು ಎಂದು ಅರ್ಥವಲ್ಲ. "ಇನ್ನೊಂದು ಕೇಳ್ಬೇಕಿತ್ತು," ಎಂದಳು. "ನಿನ್ನ ಕರೀ ಕೋಟಿನ ಜೇಬಲ್ಲಿ ಒಂದು ಹಿಡಿ ಮಣ್ಣಿತ್ತು. ಒಗೆಯೋಕೆ ಹಾಕೋ ಮುಂಚೆ ಸಿಕ್ತು, ಪುಣ್ಯ. ಏನದು?"

"ಮಣ್ಣು."

"ಅದು ನಂಗೂ ಕಂಡಿತು, ಲಯಲ್."

ಏನೆಂದು ಹೇಳುವುದು. ಹಿಂದಿನ ವಾರ ಪಕ್ಕದ ಹೊಲದ ಡಡ್ಲಿ ಹೈನ್ರಿಕ್‌ನ ತಾಯಿ ಫ್ರೀಡಾ ಮುದುಕಿ ತೊಂಬತ್ತೊಂದಕ್ಕೆ ತೀರಿಕೊಂಡಳು. ಮಣ್ಣು ಮಾಡುವ ಹಿಂದಿನ ರಾತ್ರಿ ಸಣ್ಣ ಮಳೆಯಾಗಿತ್ತು. ಇಗರ್ಜಿಯ ಹಿಂದೆ ತೋಡಿಟ್ಟ ಗುಂಡಿಯ ಪಕ್ಕ ಮಣ್ಣಿನ ಗುಡ್ಡೆ ಹದವಾಗಿ, ಕೆಂಪಗೆ, ಉಗುರುಬೆಚ್ಚಗೆ ಬಿದ್ದಿತ್ತು. ಪಾದ್ರಿ ಮಣ್ಣಿಗೆ ಮಣ್ಣು ಎನ್ನುತ್ತಿದ್ದ, ಡಡ್ಲಿ ಟೊಪ್ಪಿಯನ್ನು ಎದೆಗೊತ್ತಿ ಹಿಡಿದು ಅಳುತ್ತಿದ್ದ. ಲಯಲ್‌ನಿಗೆ ಮಾತ್ರ ಬಾಯಲ್ಲಿ ನೀರೂರುತ್ತಿತ್ತು. ಮಗುಚಿದ ನೆಲದ ವಾಸನೆ. ಇಪ್ಪತ್ತಾರು ವರ್ಷ ಮೂಗಿಗೆ ಬೀಳದ ವಾಸನೆ. ಅವನ ಸರದಿ ಬಂದಾಗ ಬಗ್ಗಿ ಒಂದು ಹಿಡಿ ತೆಗೆದುಕೊಂಡ, ಗುಂಡಿಯ ಮೇಲೆ ಕೈ ಚಾಚಿದ, ಬೆರಳು ಬಿಡಿಸಲು ಮನಸ್ಸೇ ಬರಲಿಲ್ಲ. ಮುಷ್ಟಿಯನ್ನು ಹಾಗೆಯೇ ವಾಪಸು ತಂದು ಜೇಬಿಗಿಳಿಸಿ, ದುಃಖ ತಡೆದುಕೊಳ್ಳುವವನಂತೆ ತಲೆ ತಗ್ಗಿಸಿ ನಿಂತ. ಸತ್ತವಳ ಪಾಲಿನ ಮಣ್ಣನ್ನೂ ಕದ್ದವನು ಊರಲ್ಲಿ ತಾನೊಬ್ಬನೇ ಇರಬೇಕು. ಆಮೇಲೆ ಚಹಾದ ಹೊತ್ತಿಗೆ ಡಡ್ಲಿ ಬಂದು ಅವನ ಹೆಗಲು ತಬ್ಬಿ, ನೀನು ಇಷ್ಟು ಹಚ್ಚಿಕೊಂಡಿದ್ದೆ ಅಂತ ಗೊತ್ತಿರಲಿಲ್ಲ ಎಂದ. ಲಯಲ್ ಎಡಗೈಯಲ್ಲಿ ಕಪ್ಪು ಹಿಡಿದಿದ್ದ. ಬಲಗೈ ಜೇಬಿನಲ್ಲಿತ್ತು.

"ಎಲ್ಲೋ ಬಗ್ಗಿದಾಗ ಬಿದ್ದಿರ್ಬೇಕು," ಎಂದು ಹೇಳಿ ಲಯಲ್ ಟೊಪ್ಪಿ ಎತ್ತಿಕೊಂಡು ಹೊರಟ.

ಪಿಕಪ್ಪು ಕೂಳೆಯ ಮೇಲೆ ಕುಲುಕುತ್ತ ದಿಣ್ಣೆಯ ಕಡೆ ಸಾಗಿತು. ಗಾಳಿ ಎಲ್ಲಿಂದ ಎಷ್ಟು ತರುತ್ತಿದೆ ಎಂದು ಅವನು ಗಾಜು ಇಳಿಸಿ ಮೂಸಿದ. ಶುಕ್ರವಾರ ಹೀಗಿರಲಿಲ್ಲ, ಶುಕ್ರವಾರ ಗಾಳಿ ಸತ್ತಿತ್ತು. ಕೊರಲ್ ಇಗರ್ಜಿಗೆ ಹೂ ಜೋಡಿಸಲು ಹೋಗಿದ್ದಳು. ಷೆಡ್ಡಿನ ಹಿಂದೆ ಕೆಟ್ಟ ಯಂತ್ರಗಳ ಸಾಲಿನಲ್ಲಿ ಅಪ್ಪನ ಹತ್ತು ಉಕ್ಕಿನ ತಟ್ಟೆಗಳ ನೇಗಿಲು ಉಪ್ಪುಗಿಡದ ಪೊದೆಯೊಳಗೆ ಹೂತು ಕುಳಿತಿತ್ತು. ಬರೀ ಗ್ರೀಸು ಹಚ್ಚಿ ನೋಡುತ್ತೇನೆ ಎಂದು ಹೋದ. ಹಚ್ಚಿದ ಮೇಲೆ ತಟ್ಟೆ ತಿರುಗುತ್ತದೆಯೋ ನೋಡಬೇಕಲ್ಲ, ಅದಕ್ಕೆ ಟ್ರ್ಯಾಕ್ಟರಿಗೆ ಕಟ್ಟಿದ. ಕಟ್ಟಿದ ಮೇಲೆ ದಿಣ್ಣೆಯ ಹಿಂದೆ, ಯಾರಿಗೂ ಕಾಣದಲ್ಲಿ, ನಾಲ್ಕು ಹೆಜ್ಜೆ ಎಳೆಯಬೇಕಲ್ಲ. ಕುಡಿತ ಬಿಟ್ಟವನು ಬಾಟಲಿಯ ಮುಚ್ಚಳ ಮಾತ್ರ ಮೂಸುತ್ತೇನೆ ಎನ್ನುವ ಬಾಬತ್ತು ಇದು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಎಳೆದ. ಬೆಳಗಿನ ಏಳಕ್ಕೆ ಶುರುವಾದ ನಾಲ್ಕು ಹೆಜ್ಜೆ ಮಧ್ಯಾಹ್ನ ಮೂರಕ್ಕೆ ನಲವತ್ತು ಎಕರೆಯಾಗಿ ಮುಗಿಯಿತು. ಕೂಳೆ ಒಳಗೆ ಹೋಗುತ್ತಿತ್ತು, ಕೆಂಪು ಮೇಲೆ ಬರುತ್ತಿತ್ತು. ಹೆಂಟೆ ಹೊಳೆಯುತ್ತಿತ್ತು. ಎಲ್ಲಿದ್ದವೋ ಏನೋ, ಕಡಲಹಕ್ಕಿಗಳು ನೂರಾರು ಬಂದು ಸಾಲಿನ ಹಿಂದೆಯೇ ಇಳಿದು ಹುಳು ಹೆಕ್ಕತೊಡಗಿದವು. ಹಕ್ಕಿಗಳಿಗೆ ನೇಗಿಲು ಗೊತ್ತಿತ್ತು. ತಾವು ಕಾಣದ, ತಮ್ಮ ಅಜ್ಜಂದಿರು ಕಂಡ ನೇಗಿಲು. ಲಯಲ್ ಹಾಡತೊಡಗಿದ. ಬರುತ್ತಿದ್ದುದು ಇಗರ್ಜಿಯ ಹಾಡುಗಳು ಮಾತ್ರ, ಅವನ್ನೇ ಗಂಟಲು ಬಿಚ್ಚಿ ಹಾಡಿದ. ಮೂರು ಗಂಟೆಗೆ ಇಂಜಿನ್ ನಿಲ್ಲಿಸಿದಾಗ ಕಿವಿಯಲ್ಲಿ ನಿಶ್ಶಬ್ದ ತುಂಬಿತು. ಆಗ, ಏನು ಮಾಡಿಬಿಟ್ಟೆ ಮಾರಾಯ, ಎಂದು ಅವನು ತನ್ನನ್ನೇ ಕೇಳಿಕೊಂಡ. ಆದರೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ.

ಅಪ್ಪನ ಕಾಲದಲ್ಲಿ ಇದನ್ನು ಬಚ್ಚಿಡುತ್ತಿರಲಿಲ್ಲ, ಮೆರೆಸುತ್ತಿದ್ದರು. ಆರ್ನೋ ನೋಸ್ಕೆ ಬೀಳು ಬಿಟ್ಟ ಹೊಲವನ್ನು ವರ್ಷಕ್ಕೆ ಏಳು ಸಲ ಉಳುತ್ತಿದ್ದ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಂಡಸರೆಲ್ಲ ಕಾರು ಹತ್ತಿ, ಎತ್ತಿನ ಗಾಡಿಗಿಂತ ನಿಧಾನವಾಗಿ ಊರು ಸುತ್ತಿ, ಒಬ್ಬರ ಹೊಲವನ್ನು ಒಬ್ಬರು ನೋಡುತ್ತಿದ್ದರು. ಹೊಲದಲ್ಲಿ ಒಂದು ಹಸಿರು ಕಡ್ಡಿ ಕಂಡರೆ ಆ ಮನೆಯ ಮಾನ ಹೋಯಿತು. ಅಪ್ಪನ ಹೊಲ ಮಾತ್ರ ಆಗತಾನೆ ಕ್ಷೌರ ಮಾಡಿಸಿದ ಕೆನ್ನೆ. ಗಾಳಿ ಬಂದಾಗ ಆ ಕೆನ್ನೆಯೇ ಎದ್ದು ಸಮುದ್ರದ ಕಡೆ ಹೋಗುತ್ತಿತ್ತು. ಅಮ್ಮ ಹಗಲಲ್ಲೇ ದೀಪ ಹಚ್ಚುತ್ತಿದ್ದಳು, ಊಟದ ತಟ್ಟೆಯನ್ನು ಬಡಿಸುವ ತನಕ ಬೋರಲು ಹಾಕಿಡುತ್ತಿದ್ದಳು. ಅದೆಲ್ಲ ಸಹಜವೆಂದೇ ಎಲ್ಲರೂ ತಿಳಿದಿದ್ದರು. ತೊಂಬತ್ತೇಳರಲ್ಲಿ ಲಯಲ್ ಯಾವುದೋ ಭಾಷಣ ಕೇಳಿಕೊಂಡು ಬಂದವನು ಭಾನುವಾರದ ಊಟದ ಮೇಜಿನ ಮುಂದೆ, ನೆಂಟರೆಲ್ಲ ಕೂತಿದ್ದಾಗ, ಅಪ್ಪನಿಗೆ ಹೇಳಿದ್ದ: ನೀನು ಹೊಲ ಉಳ್ತಾ ಇಲ್ಲ ಅಪ್ಪ, ಕೊಲ್ತಾ ಇದೀಯ, ನಿನ್ನ ಕೈಯಲ್ಲೇ ಎಂಟು ಅಂಗುಲ ಮಣ್ಣು ಸಮುದ್ರಕ್ಕೆ ಹೋಗಿದೆ. ಆರ್ನೋ ಆಲೂಗಡ್ಡೆ ನುಂಗಿ, ಸಮುದ್ರ ತುಂಬ್ತಾ, ಎಂದು ಕೇಳಿದ್ದ. ನೆಂಟರು ನಕ್ಕರು, ಲಯಲ್ ನಗಲಿಲ್ಲ. ಮಾರನೆಯ ದಿನವೇ ನೇಗಿಲನ್ನು ಎಳೆದುಕೊಂಡು ಹೋಗಿ ಷೆಡ್ಡಿನ ಹಿಂದೆ ನಿಲ್ಲಿಸಿದ. ಮಾತು ನಿಜವೇ ಆಗಿತ್ತು, ಅದೇ ಈಗ ಹೆಚ್ಚು ಚುಚ್ಚುತ್ತದೆ. ನಿಜ ಹೇಳುವುದಕ್ಕೆ ನೆಂಟರನ್ನು ಕೂರಿಸಿಕೊಳ್ಳಬೇಕಾಗಿರಲಿಲ್ಲ. ಅಪ್ಪ ಆಮೇಲೆ ಒಂಬತ್ತು ವರ್ಷ ಬದುಕಿದ. ಸಲಿಕೆ ಹಿಡಿದು ಅಮ್ಮನ ಆಲೂಗಡ್ಡೆ ಪಾತಿಯನ್ನು ವರ್ಷಕ್ಕೆ ಏಳು ಸಲ ಅಗೆದ. ಕಡೆಗೆ ಆಲೂಗಡ್ಡೆ ಹುಟ್ಟುವುದನ್ನೇ ಬಿಟ್ಟಿತು.

ದಿಣ್ಣೆ ಹತ್ತಿ ಇಳಿದಾಗ ಎದುರಿಗೆ ಹೊಲವಿರಲಿಲ್ಲ, ಹೊಗೆಯಿತ್ತು. ಹೊಳೆಯುತ್ತಿದ್ದ ಹೆಂಟೆಗಳು ನಾಲ್ಕು ದಿನದ ಬಿಸಿಲಿಗೆ ಒಣಗಿ ಪುಡಿಯಾಗಿ ನೆಲಮಟ್ಟದಲ್ಲಿ ಹರಿಯುತ್ತಿದ್ದವು. ಕೂಳೆಯ ಹೊಲಗಳು ಸುತ್ತಲೂ ತಣ್ಣಗೆ ನಿಂತು ಈ ಒಂದನ್ನು ನೋಡುತ್ತಿದ್ದವು. ದಕ್ಷಿಣದ ಬೇಲಿಯ ಬುಡದಲ್ಲಿ ಕೆಂಪು ಮರಳು ಕೆಳಗಿನ ಎರಡು ತಂತಿಯನ್ನು ನುಂಗಿ ಮೂರನೆಯದಕ್ಕೆ ಬಾಯಿ ಹಾಕಿತ್ತು. ಬೇಲಿಯಾಚೆ ಡಡ್ಲಿಯ ಹೊಲ. ತಾಯಿ ಸತ್ತ ಮನೆ, ಹದಿನೈದು ದಿನ ಈ ಮೂಲೆಗೆ ಬರಲಾರ, ಅಷ್ಟರಲ್ಲಿ ಬಿತ್ತನೆಯಾಗಿ ಹಸಿರು ಮುಚ್ಚಿಕೊಳ್ಳುತ್ತದೆ ಎಂದು ಲಯಲ್ ಲೆಕ್ಕ ಹಾಕಿದ್ದ. ಸಾವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ. ಡಡ್ಲಿ ಅಲ್ಲೇ ನಿಂತಿದ್ದ. ಕುಳ್ಳಗಿನ ದಪ್ಪ ಮನುಷ್ಯ, ಸಲಿಕೆಯ ಹಿಡಿಯ ಮೇಲೆ ಗದ್ದವಿಟ್ಟುಕೊಂಡು, ಬಸ್ಸಿಗೆ ಕಾಯುವವನಂತೆ.

"ಬಾ ಲಯಲ್. ನಿನ್ನ ಹೊಲ ನಮ್ಮನೆಗೆ ಬಂದಿದೆ."

"ಈ ಗಾಳಿ ನೋಡು," ಎಂದ ಲಯಲ್.

"ಗಾಳಿ ನೋಡಿದೆ. ಹೊಲಾನೂ ನೋಡಿದೆ."

"ಕುರಿ ಸ್ವಲ್ಪ ಜಾಸ್ತಿ ತುಳಿದ್ವು ಅನ್ಸುತ್ತೆ."

ಡಡ್ಲಿ ಸಾಲುಗಳ ಉದ್ದಕ್ಕೂ ಕಣ್ಣು ಹಾಯಿಸಿದ. "ಒಳ್ಳೇ ಕುರಿ. ನೂಲು ಹಿಡಿದ ಹಾಗೆ ತುಳಿದಿವೆ. ನಮ್ಮವು ಬೇಲಿ ಕೂಡ ನೆಟ್ಟಗೆ ಹಾರಲ್ಲ."

ಲಯಲ್‌ನ ಕಿವಿ ಬಿಸಿಯಾಯಿತು. ಆಗ ಅವನ ಬಾಯಿಂದ, ಅವನನ್ನು ಒಂದು ಮಾತೂ ಕೇಳದೆ, ಆ ಪದ ಹೊರಬಿತ್ತು. "ಪ್ರಯೋಗ," ಎಂದ. "ಇದೊಂದು ಪ್ರಯೋಗ. ಉತ್ರೆ ಏನಾಗುತ್ತೆ ಅಂತ. ನಾಳೆ ಬರೋರಿಗೆ ತೋರ್ಸೋಕೆ."

"ಪ್ರಯೋಗ," ಎಂದ ಡಡ್ಲಿ.

"ಹೂಂ."

"ಹಾಗಾದ್ರೆ ಸರಿ ಬಿಡು," ಎಂದು ಡಡ್ಲಿ ಸಲಿಕೆಯನ್ನು ಮರಳಿಗೆ ಚುಚ್ಚಿ ನಿಲ್ಲಿಸಿ, ಹಿಂದಿರುಗಿ ನೋಡದೆ ಹೋದ. ಅವನು ಬೈದಿದ್ದರೆ ಲಯಲ್‌ನಿಗೆ ಮಧ್ಯಾಹ್ನದ ಊಟ ಸೇರುತ್ತಿತ್ತು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದೇ ಕಷ್ಟ. ಸಂಜೆ ಹೊತ್ತಿಗೆ ಲಯಲ್ ಸಂಘದ ಕೃಷಿ ಸಲಹೆಗಾರ್ತಿ ಇಮೊಜೆನ್‌ಗೆ ಫೋನು ಮಾಡಿ, ನಾಳೆ ಬಸ್ಸನ್ನು ದಿಣ್ಣೆಯ ಹಿಂದಕ್ಕೂ ತರಬೇಕು, ಅಲ್ಲೊಂದು ವಿಶೇಷವಿದೆ ಎಂದು ತಾನೇ ಹೇಳಬೇಕಾಯಿತು. ಇಮೊಜೆನ್‌ಗೆ ಇಪ್ಪತ್ತೊಂಬತ್ತು ವರ್ಷ. ಮಣ್ಣಿನ ಬಗ್ಗೆ ಮಾತಾಡುವಾಗ ಅವಳಿಗೆ ಉಸಿರು ಸಾಲುವುದಿಲ್ಲ. "ನೀವು ಬೇಕು ಅಂತಲೇ ಉತ್ತಿದೀರಾ?" ಎಂದು ಕೇಳಿದಳು. ಬೇಕು ಅಂತಲೇ, ಎಂದ ಲಯಲ್. ಇಡೀ ವಾರದಲ್ಲಿ ಅವನು ಆಡಿದ ಒಂದೇ ನಿಜ ಅದಾಗಿತ್ತು.

ಬುಧವಾರ ಬಸ್ಸು ಬಂತು, ಗಾಳಿಯೂ ಇತ್ತು. ನಲವತ್ತು ಮಂದಿ ಇಳಿದರು. ಬಹುಮಟ್ಟಿಗೆ ಅರವತ್ತು ದಾಟಿದವರು, ಕಣ್ಣಿಗೆ ಕೈ ಅಡ್ಡ ಹಿಡಿದವರು, ಕೊರಲ್‌ಳ ಕೇಕಿನ ಕೊಬ್ಬರಿ ಮೀಸೆಯಲ್ಲಿ ಉಳಿದವರು. ಡಡ್ಲಿಯೂ ಬಂದು ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತ. ಇಮೊಜೆನ್ ರಟ್ಟಿನ ಹಲಗೆ ಎತ್ತಿ ಹಿಡಿದು ವಿವರಿಸಿದಳು: ಈ ಕಡೆ ಉಳದ ಹೊಲ, ಮಣ್ಣು ಕದಲಿಲ್ಲ. ಆ ಕಡೆ ಉತ್ತ ಹೊಲ, ಎರಡೇ ದಿನದ ಗಾಳಿಗೆ ಬೇಲಿ ಮುಳುಗಿದೆ. ಇಪ್ಪತ್ತಾರು ವರ್ಷ ಬೇರು, ಹುಳು, ಕೊಳೆತ ಕೂಳೆ ಸೇರಿ ಕಟ್ಟಿದ್ದು ಒಂದು ಹಗಲಲ್ಲಿ ಬಿಚ್ಚಿಹೋಯಿತು. ಎಲ್ಲರೂ ಹೂಂಗುಟ್ಟಿದರು. ಆದರೆ ಲಯಲ್ ನೋಡುತ್ತಿದ್ದುದು ಅವರ ಕೈಗಳನ್ನು. ಒಬ್ಬ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದ. ಇನ್ನೊಬ್ಬ ಕನ್ನಡಕ ಬಿದ್ದಂತೆ ಮಾಡಿದ. ಹಿಂದಿನ ಸಾಲಿನ ಮುದುಕನೊಬ್ಬ ನೆಪವನ್ನೂ ಹುಡುಕದೆ ಮೊಣಕಾಲೂರಿ, ಸಾಲಿನ ತಳದಿಂದ ತಣ್ಣಗಿನ ಮಣ್ಣು ಎತ್ತಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೇಗಿಲು ಬಿಟ್ಟವರ ಸಂಘ ಪೂರ್ತಿ ಐದು ನಿಮಿಷ ಸುಮ್ಮನೆ ಉಸಿರೆಳೆದುಕೊಂಡಿತು.

"ನಮಗೆ ಪಾಠ ಆಗ್ಲಿ ಅಂತ ಇವರು ತಮ್ಮ ನಲವತ್ತು ಎಕರೇನ ಬಲಿ ಕೊಟ್ಟಿದಾರೆ," ಎಂದಳು ಇಮೊಜೆನ್. "ಈ ತುಂಡನ್ನ ಶಾಶ್ವತ ಪ್ರಯೋಗಕ್ಷೇತ್ರ ಮಾಡೋಣ ಅಂತ ನನ್ನ ಸೂಚನೆ. ಲಯಲ್, ನಿಮ್ಮ ತಂದೆಯವರ ಹೆಸರೇ ಇಡೋಣ. ಆರ್ನೋ ನೋಸ್ಕೆ ಪ್ರಯೋಗಕ್ಷೇತ್ರ. ಇದನ್ನ ನೋಡಿದ್ರೆ ಅವರು ಎಷ್ಟು ಹೆಮ್ಮೆ ಪಡ್ತಿದ್ರು."

ಚಪ್ಪಾಳೆ ಬಿತ್ತು. ಉಳುವುದು ಎಷ್ಟು ಕೆಟ್ಟದ್ದೆಂದು ತೋರಿಸುವ ಹೊಲಕ್ಕೆ ಅಪ್ಪನ ಹೆಸರು, ತಗಡಿನ ಮೇಲೆ, ದೊಡ್ಡ ಅಕ್ಷರದಲ್ಲಿ, ಬಸ್ಸಿನವರು ನಿಲ್ಲಿಸಿ ಓದಲಿ ಎಂದು. ಇನ್ನೊಂದು ಸಲ ನೆಂಟರ ಮುಂದೆ. ಲಯಲ್‌ನಿಗೆ ಸಾಕು ಎನ್ನಿಸಿತು.

"ಪ್ರಯೋಗ ಅಲ್ಲ," ಎಂದ.

"ಏನಂದ್ರಿ?"

"ಪ್ರಯೋಗ ಅಲ್ಲ ಇದು. ನಂಗೆ ಉಳ್ಬೇಕು ಅನ್ನಿಸ್ತು, ಉತ್ತೆ. ಚೆನ್ನಾಗಿತ್ತು. ಅಷ್ಟೇ ವಿಷಯ. ಮಣ್ಣು ಹೋಯ್ತು, ಅದು ನನ್ನ ತಪ್ಪು. ಅಪ್ಪನ ಹೆಸರು ಇದಕ್ಕೆ ತರಬೇಡಿ."

ಹಿಂದಿನ ಸಾಲಿನಿಂದ ಒಬ್ಬ ನಕ್ಕ, ಅದು ಮುಂದಿನ ಸಾಲಿಗೆ ಬಂತು, ಕಡೆಗೆ ನಲವತ್ತು ಮಂದಿಯೂ ಹೊಟ್ಟೆ ಹಿಡಿದು ನಕ್ಕರು. ನೋಸ್ಕೆಯಂತೆ, ಉಳಬೇಕು ಅನ್ನಿಸಿತಂತೆ. ಯಾರೋ ಅವನ ಬೆನ್ನು ಚಪ್ಪರಿಸಿದರು. ಇಮೊಜೆನ್ ಕಣ್ಣೊರೆಸಿಕೊಂಡು, "ನೀವು ಹೇಳೋ ರೀತೀಲಿ ನಾನೂ ನಂಬಿಬಿಟ್ಟೆ," ಎಂದಳು. ತಪ್ಪೊಪ್ಪಿಕೊಂಡರೂ ಒಬ್ಬರೂ ನಂಬದಷ್ಟು ಒಳ್ಳೆಯ ಹೆಸರು ಮಾಡಿಟ್ಟಿದ್ದೇನಲ್ಲ ಎಂದು ಲಯಲ್ ಬೆಪ್ಪಾಗಿ ನಿಂತ. ಬಸ್ಸು ಹೊರಟಿತು. ಕಿಟಕಿಗಳಲ್ಲಿ ಇನ್ನೂ ನಗುವಿತ್ತು.

ಉಳಿದವನು ಡಡ್ಲಿ ಒಬ್ಬ. ಅವನು ನಕ್ಕಿರಲಿಲ್ಲ. ಬೇಲಿ ದಾಟಿ ತನ್ನ ಕಡೆಗೆ ಹೋಗಿ ನಿನ್ನೆ ಚುಚ್ಚಿಟ್ಟ ಸಲಿಕೆಯನ್ನು ಕಿತ್ತುಕೊಂಡ.

"ಪ್ರಯೋಗ ಅಲ್ಲ ಅಂತ ನಂಗೆ ಶುಕ್ರವಾರಾನೇ ಗೊತ್ತಿತ್ತು," ಎಂದ. "ಪ್ರಯೋಗ ಮಾಡೋನು ಹಾಡು ಹೇಳ್ಕೊಂಡು ಉಳಲ್ಲ."

"ನೀನು ಇಲ್ಲಿದ್ಯಾ ಶುಕ್ರವಾರ?"

"ಅಮ್ಮನ ಕೋಣೆ ಖಾಲಿ ಮಾಡ್ತಿದ್ದೆ. ಇಂಜಿನ್ ಸದ್ದು ಕೇಳ್ತು. ಎರಡು ಗಂಟೆ ಈ ಕಂಬದ ಹತ್ರ ನಿಂತಿದ್ದೆ." ಡಡ್ಲಿ ಒಂದು ಸಲಿಕೆ ಮರಳು ಎತ್ತಿದ, ಎಲ್ಲಿಗೆ ಹಾಕಬೇಕೆಂದು ಹೊಳೆಯದೆ ಅಲ್ಲೇ ಸುರಿದ. "ಬೇಲಿ ಹಾಳಾಗ್ಲಿ, ಬೇಲಿ ಎತ್ತಬಹುದು. ನಾನೂ ಇಪ್ಪತ್ತು ವರ್ಷ ಆಯ್ತು ಕಣಯ್ಯ ನೇಗಿಲು ಬಿಟ್ಟು, ನೀನು ಹೇಳ್ದೆ ಅಂತಲೇ ಬಿಟ್ಟಿದ್ದು. ಒಂದು ಸಲ ಕೈ ಎತ್ತಿ ಕರೀತೀಯೇನೋ ಅಂತ ನಿಂತಿದ್ದೆ. ಒಂದು ಸುತ್ತು. ಜಾಸ್ತಿ ಬೇಡ."

"ನಾನು ನೋಡಲಿಲ್ಲ, ಡಡ್ಲಿ."

"ನೀನು ನೋಡಿದೆ. ನೋಡಿ ಟ್ರ್ಯಾಕ್ಟರನ್ನ ಆ ಕಡೆ ತಿರುಗಿಸಿದೆ."

ಬೇಲಿಯ ಸಾಲಿನಲ್ಲಿ ಒಂದು ಕಂಬ ಹೆಚ್ಚಿದೆ ಎಂದು ಶುಕ್ರವಾರ ಕಣ್ಣಿಗೆ ಬಿದ್ದದ್ದು ನಿಜ. ಕಂಬಕ್ಕೆ ಟೊಪ್ಪಿ ಇದ್ದದ್ದೂ ನಿಜ. ಹೆಚ್ಚು ನೋಡಬಾರದೆಂದು ಅವನು ಮೂಲೆ ಬರುವ ಮೊದಲೇ ತಿರುಗಿಸಿದ್ದ. ಆ ತಿರುಗಿಸುವ ಕೈ ಹೊಸದಾಗಿರಲಿಲ್ಲ. ತೊಂಬತ್ತೇಳರ ಮೇ ತಿಂಗಳು, ಉಳದೆ ಬಿತ್ತಿದ ಮೊದಲನೆಯ ದಿನ, ಅಪ್ಪ ಕೆಲಸದ ಅಂಗಿ ತೊಟ್ಟು, ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊಲದ ಬಾಗಿಲಲ್ಲಿ ನಿಂತಿದ್ದ. ಪ್ರತಿ ವರ್ಷ ಬಿತ್ತನೆಯ ಮೊದಲ ದಿನ ನಿಲ್ಲುತ್ತಿದ್ದಂತೆ. ಕರೆದಿದ್ದರೆ ಬಂದು ಪಕ್ಕದಲ್ಲಿ ಕೂರುತ್ತಿದ್ದ, ಹೊಸ ಯಂತ್ರವನ್ನು ಗೇಲಿ ಮಾಡುತ್ತಿದ್ದ, ಮಧ್ಯಾಹ್ನದೊಳಗೆ ತಾನೇ ಓಡಿಸುತ್ತಿದ್ದ. ಲಯಲ್ ನೋಡಿದ್ದ. ಬಿಸಿಲಿಗೆ ಕಾಣಲಿಲ್ಲವೆಂಬಂತೆ ತಿರುಗಿಸಿಕೊಂಡು ದೂರದ ಸಾಲು ಹಿಡಿದಿದ್ದ. ಹತ್ತು ಗಂಟೆಗೆ ಮತ್ತೆ ಆ ಕಡೆ ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಬುತ್ತಿಯನ್ನು ಷೆಡ್ಡಿನಲ್ಲಿ ಒಬ್ಬನೇ ಕೂತು ತಿಂದು ಬಂದ ಎಂದು ಅಮ್ಮ ರಾತ್ರಿ ಹೇಳಿದ್ದಳು. ಇಷ್ಟು ವರ್ಷ ಈ ಒಂದು ಬೆಳಗನ್ನು ಅವನು ಎಲ್ಲಿ ಹೂತಿಟ್ಟಿದ್ದನೋ.

"ಆ ಮೂಲೇಲಿ ಎರಡು ಎಕರೆ ಉಳಿದಿದೆ," ಎಂದ ಲಯಲ್. "ಟ್ರ್ಯಾಕ್ಟರು ತರ್ತೀನಿ."

ಡಡ್ಲಿ ಆ ಮೂಲೆಯ ಕಡೆ ನೋಡಿದ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

"ಬೇಡ ಬಿಡು," ಎಂದ. "ಈಗ ಕರೆದ್ರೆ ಏನು ಬಂತು."

ಲಯಲ್ ಪಿಕಪ್ಪಿನಿಂದ ಇನ್ನೊಂದು ಸಲಿಕೆ ತಂದ. ಬೇಲಿ ದಾಟಿ ಡಡ್ಲಿಯ ಪಕ್ಕದಲ್ಲಿ ನಿಂತು, ಮಣ್ಣು ಎತ್ತಿ ತಂತಿಯ ಮೇಲಿಂದ ತನ್ನ ಹೊಲದ ಕಡೆಗೆ ಎಸೆದ. ಗಾಳಿ ಇನ್ನೂ ಉತ್ತರದ್ದೇ ಆದ್ದರಿಂದ ಅರ್ಧಕ್ಕರ್ಧ ವಾಪಸು ಅವನ ಮುಖಕ್ಕೇ ಬಂತು. ಕಣ್ಣುಜ್ಜಿಕೊಂಡು ಮತ್ತೆ ಎಸೆದ. ಅದೂ ಬಂತು.

"ಗಾಳಿ ತಿರುಗೋ ತನಕ ಕಾಯಬಹುದಲ್ಲ," ಎಂದ ಡಡ್ಲಿ.

ಲಯಲ್ ಕಾಯಲಿಲ್ಲ.